ಬೆಟಗೇರಿಯಲ್ಲಿ ಕಟ್ಟಿದ ಯೆರೂಸಲೇಮು

ನನಗೆ ಎಲೆಯಡಿಕೆಯ ಚಟವಿಲ್ಲ, ನಶ್ಯದ ಚಟವಿಲ್ಲ. ಚಹಾ ಕೊಟ್ಟರೆ ಕುಡಿಯುತ್ತೇನೆ, ಕೊಡದಿದ್ದರೆ ಕೇಳುವವನಲ್ಲ. ಆದರೆ ಗೋಡೆ ಕಂಡರೆ ಮುಟ್ಟದೆ ಮುಂದೆ ಹೋಗಲಾರೆ. ಬಸ್ ಸ್ಟ್ಯಾಂಡಿನ ಗೋಡೆ, ಕಚೇರಿಯ ಗೋಡೆ, ಮಠದ ಗೋಡೆ, ಯಾವುದಾದರೂ ಸರಿ, ಮಾತಾಡುತ್ತ ಮಾತಾಡುತ್ತ ನನ್ನ ಅಂಗೈ ತಾನೇ ಹೋಗಿ ಅದರ ಮೇಲೆ ಕೂತುಬಿಡುತ್ತದೆ. ಹೋದ ವರ್ಷ ಮಗನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದು ನಮಸ್ಕಾರ ಮಾಡಿ ಕೂತಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ನಾನೊಬ್ಬ ಪಡಸಾಲೆಯ ಗೋಡೆಯನ್ನು ಮೇಲಿಂದ ಕೆಳಗೆ ನೇವರಿಸುತ್ತ ನಿಂತಿದ್ದೆ.

“ಯಾಕ್ರೀ ಯಜಮಾನ್ರ, ನಮ್ಮ ಮನಿ ಬೀಳತೈತೇನ್ರಿ?” ಎಂದರು ಹುಡುಗಿಯ ತಂದೆ, ನಕ್ಕ ಹಾಗೆ ಮಾಡಿ.

“ಇಲ್ರಿ ಇಲ್ರಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದಕ್ಕೇನೂ ಆಗಂಗಿಲ್ರಿ. ಕಟ್ಟಿದಾಂವ ಚೊಲೋ ಗೌಂಡಿ.”

ನನ್ನ ಹೆಂಡತಿ ಮಲ್ಲವ್ವ ಸೆರಗಿನ ಮರೆಯಿಂದ ನನ್ನನ್ನು ಚಿವುಟಿದಳು. ಹೊರಗೆ ಬಂದ ಮೇಲಂತೂ ಬಿಡಲಿಲ್ಲ. “ಹುಡಗಿ ಹೆಂಗದಾಳ ಅಂದ್ರ ಗ್ವಾಡಿ ಚೊಲೋ ಐತಿ ಅಂತೀರಲ್ಲಾ, ನಿಮ್ಮ ಮಗ ಗ್ವಾಡಿಗೆ ತಾಳಿ ಕಟ್ಟಾಂವೇನು?” ಸಂಬಂಧವೇನೋ ಕೂಡಿ ಬಂತು. ಸೊಸೆಯೂ ಗೋಡೆಯ ಹಾಗೆಯೇ ಗಟ್ಟಿ. ಅದು ಬೇರೆ ಮಾತು.

ಗೌಂಡಿಯ ಕೆಲಸ ಮಾಡುವವನಿಗೆ ಇದು ಸಹಜ ಎಂದು ನೀವು ಅನ್ನಬಹುದು. ಅಲ್ಲ. ಗೌಂಡಿ ಗೋಡೆಯನ್ನು ಕಣ್ಣಿನಿಂದ ನೋಡುತ್ತಾನೆ. ಕಣ್ಣಿನ ಮೇಲೆ ನಂಬಿಕೆ ಸಾಲದಿದ್ದರೆ ಓಳಂಬ ಬಿಡುತ್ತಾನೆ, ಅಂದರೆ ದಾರಕ್ಕೆ ಕಟ್ಟಿದ ಆ ಗುಂಡು. ಗುಂಡು ಸುಳ್ಳು ಹೇಳುವುದಿಲ್ಲ. ಕೈಯಿಂದ ನೋಡುವುದನ್ನು ನನಗೆ ಕಲಿಸಿದವಳು ಬೆಟಗೇರಿಯ ಶಾಂತವ್ವ. ಆಕೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ನಾನು ಶಾಲೆ ಬಿಟ್ಟದ್ದು ಮೂರನೆಯ ಇಯತ್ತೆಯಲ್ಲಿ. ಬಿಟ್ಟೆ ಅನ್ನುವುದಕ್ಕಿಂತ, ಅಪ್ಪ ಬಂದು ಬಾಗಿಲಲ್ಲಿ ನಿಂತು “ಏಳ, ಮಣ್ಣ ತುಳಿಯಾಕ ಮಂದಿ ಕಡಿಮಿ ಬಿದ್ದಾರ” ಎಂದರು, ನಾನು ಎದ್ದು ಹೋದೆ. ತಿರುಗಿ ಹೋಗಲಿಲ್ಲ. ಇದನ್ನು ಹೇಳಿಕೊಳ್ಳಲಿಕ್ಕೆ ನನಗೆ ನಾಚಿಕೆಯೇನಿಲ್ಲ. ಅಕ್ಷರ ಬರುತ್ತದೆ, ಕೂಡಿಸಿ ಕಳೆಯಲಿಕ್ಕೆ ಬರುತ್ತದೆ, ನಾನು ಕಟ್ಟಿದ ಗೋಡೆಗಳು ಇನ್ನೂ ನಿಂತಿವೆ. ಆದರೆ ಒಂದು ವಿಷಯ ಮಾತ್ರ ನನಗೆ ದಕ್ಕದೆ ಹೋಯಿತು: ಭೂಗೋಳ. ಅದು ನಾಲ್ಕನೆಯ ಇಯತ್ತೆಯಿಂದ ಶುರುವಾಗುತ್ತಿತ್ತು.

ಪುಸ್ತಕದ ಭೂಗೋಳ ಇಲ್ಲದಿದ್ದರೂ ಚಕ್ಕಡಿಯ ಭೂಗೋಳ ಇತ್ತು. ಅಪ್ಪನ ಜೊತೆ ಕೆಲಸ ಹುಡುಕಿಕೊಂಡು ತಿರುಗುತ್ತಿದ್ದಾಗ ನಮ್ಮ ಚಕ್ಕಡಿ ಎಷ್ಟೊಂದು ರಾಜ್ಯ ದಾಟುತ್ತಿತ್ತು ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ. ಗದಗ ಮುಂಬಯಿ ಸರಕಾರದ್ದು. ಶಿರಹಟ್ಟಿ ಸಾಂಗಲಿಯವರದು. ಲಕ್ಷ್ಮೇಶ್ವರ ಮಿರಜಿನವರದು. ಮುಂಡರಗಿಯಿಂದ ಪೂರ್ವಕ್ಕೆ ಹೊರಟರೆ ನಿಜಾಮನ ಸೀಮೆ. ಕೊರ್ಲಹಳ್ಳಿಯಲ್ಲಿ ಹೊಳೆಯ ಈ ದಂಡೆ ನಮ್ಮದು, ಆ ದಂಡೆ ಮದ್ರಾಸಿನವರದು. ನಡುವೆ ಹರಿಯುವ ತುಂಗಭದ್ರೆ ಯಾರದೆಂದು ಅಪ್ಪನನ್ನು ಕೇಳಿದರೆ “ಮೀನಿಂದು” ಅನ್ನುತ್ತಿದ್ದರು. ಎಲ್ಲ ಕಡೆಯೂ ಅದೇ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಬೈಗುಳ. ಗಡಿ ಎಲ್ಲಿ ಬಂತೆಂದು ಎತ್ತುಗಳಿಗೆ ಗೊತ್ತಾಗುತ್ತಲೇ ಇರಲಿಲ್ಲ. ಸುಂಕದ ನಾಕಾದವನು ಬಂದು ಗಂಟು ಬಿಚ್ಚಿಸಿದಾಗ ನಮಗೆ ಗೊತ್ತಾಗುತ್ತಿತ್ತು.

ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಹೋದವು. ಕನ್ನಡ ನಾಡೆಲ್ಲ ಒಂದಾಗುತ್ತದೆ, ಇಂದು ಆಗುತ್ತದೆ, ನಾಳೆ ಆಗುತ್ತದೆ ಎಂದು ಎಲ್ಲ ಕಡೆ ಮಾತು ನಡೆದಿತ್ತು. ಆ ದಿನಗಳಲ್ಲಿ ನಾನು ಬೆಟಗೇರಿಯಲ್ಲಿ ಮಿಶನ್ ಕಂಪೌಂಡಿನ ಗೋಡೆ ಕಟ್ಟುವ ಕೆಲಸ ಹಿಡಿದಿದ್ದೆ. ನನಗಾಗ ಹೊಸದಾಗಿ ಮದುವೆಯಾಗಿತ್ತು. ನಾನು ಕಟ್ಟುತ್ತಿದ್ದೆ, ಮಲ್ಲವ್ವ ಮಣ್ಣು ಹೊರುತ್ತಿದ್ದಳು. ಪಕ್ಕದ ಓಣಿಗಳಿಂದ ಮಗ್ಗದ ಸದ್ದು ಬಿಡದೆ ಬರುತ್ತಿತ್ತು. ನನ್ನ ಕೈಯೂ ಅದೇ ತಾಳಕ್ಕೆ ಬಿದ್ದು ಕೆಲಸ ಬೇಗ ಸಾಗುತ್ತಿತ್ತು.

ಒಂದು ಮುಂಜಾನೆ ಮುದುಕಿಯೊಬ್ಬಳು ಕೋಲು ಊರುತ್ತ ಬಂದು, ನಾನು ಹಿಂದಿನ ದಿನ ಕಟ್ಟಿದ ಗೋಡೆಯ ಮೇಲೆ ಅಂಗೈ ಆಡಿಸುತ್ತ ಆಡಿಸುತ್ತ ಹೋಗಿ, ಒಂದು ಕಡೆ ನಿಂತಳು.

“ಇಲ್ಲಿ ಹೊಟ್ಟಿ ಬಂದೈತಲ್ಲಪಾ.”

“ಯಾರಿಗೆ?” ಎಂದೆ. ನನಗೆ ಸಿಟ್ಟು ಬಂದಿತ್ತು.

“ನನಗ ಈ ವಯಸ್ಸಿನಾಗ ಎಲ್ಲಿಂದ ಬರತೈತಿ? ನಿನ್ನ ಗ್ವಾಡಿಗೆ.”

ಮಲ್ಲವ್ವ ಬುಟ್ಟಿ ಇಳಿಸಿ ಕಿಸಕ್ಕೆಂದು ನಕ್ಕಳು. ನಾನು ಅವಳಿಗೆ ತೋರಿಸಬೇಕೆಂದೇ ಓಳಂಬ ಬಿಟ್ಟೆ. ಗುಂಡು ಗೋಡೆಗೆ ತಾಗಿ ನಿಂತಿತು. ಒಂದು ಜೋಳದ ಕಾಳಿನಷ್ಟು ಹೊಟ್ಟೆ ಬಂದದ್ದು ಖರೆ. ಅಷ್ಟನ್ನೂ ಕೆಡವಿ ಕಟ್ಟಿದೆ. ಅಂದಿನಿಂದ ಆಕೆ ದಿನವೂ ಬಂದು ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ನಾನೂ ಕೈಯಾಡಿಸಿ ನೋಡದೆ ಕೆಲಸ ಮುಗಿಸುತ್ತಿರಲಿಲ್ಲ.

ಶಾಂತವ್ವನ ಕಸುಬು ಕಥೆ ಹೇಳುವುದು. ಮಿಶನ್ನಿನವರ ಶಾಸ್ತ್ರದ ಕಥೆಗಳನ್ನು ಊರೂರಿಗೆ ನಡೆದು ಹೋಗಿ ಹೆಂಗಸರಿಗೆ ಹೇಳುತ್ತಿದ್ದಳು. ಮುಂಡರಗಿ, ಶಿರಹಟ್ಟಿ, ಹೊಳೆದಂಡೆಯ ಹಳ್ಳಿಗಳು, ಎಲ್ಲ ಕಡೆ ಆಕೆಯನ್ನು ಬಲ್ಲರು. ಕೇಳುವವರು ತಮ್ಮ ದೇವರನ್ನು ತಾವು ಇಟ್ಟುಕೊಂಡೇ ಕೇಳುತ್ತಿದ್ದರು. ನೀರಿಗೆ ಹೋದವರು ಕೊಡ ಇಳಿಸಿ ಕೂತರೆ ಏಳುತ್ತಿರಲಿಲ್ಲವಂತೆ. ಈಗ ಆಕೆ ಎಲ್ಲಿಗೂ ಹೋಗುತ್ತಿರಲಿಲ್ಲ. ಕಣ್ಣು ಹೋದದ್ದಕ್ಕೆ ಎಂದು ನಾನು ತಿಳಿದಿದ್ದೆ. ಬಸ್ಸು ಬಂದಿದೆ, ಕೈ ಹಿಡಿದು ಹತ್ತಿಸುವವರು ಇದ್ದಾರೆ, ಯಾಕೆ ಹೋಗುವುದಿಲ್ಲ ಎಂದು ಮಲ್ಲವ್ವ ಒಂದು ದಿನ ಕೇಳಿಯೇಬಿಟ್ಟಳು.

“ಕಾಲಿಗೆ ಏನೂ ಆಗಿಲ್ಲವಾ, ಬಾಯಿಗೂ ಏನೂ ಆಗಿಲ್ಲ” ಎಂದಳು ಶಾಂತವ್ವ. “ಊರ ಅಳಸಿ ಹೋಗೇತಿ.”

“ಯಾವ ಊರ?”

“ಯೆರೂಸಲೇಮು. ನನ್ನ ಕತಿ ಎಲ್ಲಾ ಆ ಊರಾಗ ನಡದದ್ದು. ಸಾಲ್ಯಾಗ ಅದರ ನಕಾಶೆ ಐತಿ. ಕಣ್ಣ ಇದ್ದಾಗ ದಿನಾ ನೋಡತಿದ್ದೆ, ಅದನ್ನ ನೋಡಿ ಹೇಳತಿದ್ದೆ. ಈಗ ಒಂದೊಂದ ಬಾಗಲಾ ಒಂದೊಂದ ಬಾಗಲಾ ಮರ್ತ ಹೊಂಟಾವ. ಕಡೀ ಸಲ ಶಿರಹಟ್ಟಿಯೊಳಗ ಹೇಳಾಕ ಕುಂತೆ. ಕತಿಯೊಳಗಿನ ಮಂದೆಲ್ಲಾ ಊರ ಅಗಸಿ ಬಾಗಲಾ ದಾಟಿದ್ರು. ಮುಂದ ಎಡಕ್ಕೋ ಬಲಕ್ಕೋ ನನಗ ಗೊತ್ತಾಗಲಿಲ್ಲ. ಅಲ್ಲೇ ನಿಂತಬಿಟ್ಟೆ. ದಾರಿ ತಿಳೀದಾಕಿ ಮಂದೀನ ಹೆಂಗ ಕರಕೊಂಡು ಹೋಗಲೆವ್ವಾ?”

ಆಕೆಯ ಕೋಲು ನೆಲದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ ನಿಂತಿತು. ನಾನು ಮಣ್ಣು ಮೆತ್ತುವ ಕರಣೆ ಕೆಳಗಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಬಾಯಿಂದ ಬಂತು: “ಆಯೀ, ಊರ ನಾ ಕಟ್ಟಿ ಕೊಡತೀನಿ. ಕೈಲೆ ಮುಟ್ಟಿ ನೋಡೀರಂತ.”

ಶಾಲೆಯಲ್ಲಿ ಯೋಹಾನ ಮಾಸ್ತರರಿದ್ದರು. ಖಾದಿ ಟೊಪ್ಪಿಗೆ, ಏಕೀಕರಣದ ಸಭೆ ಎಲ್ಲೇ ಇದ್ದರೂ ಮುಂದಿನ ಸಾಲು. ಅವರ ವರ್ಗದ ಗೋಡೆಗೆ ಎರಡು ನಕಾಶೆ: ಒಂದು ಆ ಹಳೆಯ ಊರಿನದು, ಅಂಚೆಲ್ಲ ಗೆದ್ದಲು ತಿಂದದ್ದು. ಇನ್ನೊಂದು ಇನ್ನೂ ಹುಟ್ಟದ ನಮ್ಮ ರಾಜ್ಯದ್ದು, ಅವರೇ ಪೆನ್ಸಿಲಿನಿಂದ ಬರೆದದ್ದು. ನನ್ನ ಮಾತು ಕೇಳಿ ಅವರು ಕನ್ನಡಕದ ಮೇಲಿಂದ ನೋಡಿದರು.

“ಬಸಪ್ಪಾ, ಇದು ನಿಮ್ಮೂರ ದನದ ಕೊಟ್ಟಿಗಿ ಅಲ್ಲ. ಹಳೇ ಊರು. ಅರಸರು ಕಟ್ಟಿದ್ದು.”

“ಅರಸರ ಎಲ್ಲಿ ಕಟ್ಟತಾರ್ರಿ ಮಾಸ್ತರ? ಕಟ್ಟಿದಾಂವ ಗೌಂಡೀನ ಇರಬೇಕು” ಎಂದೆ. ಅವರು ನಕ್ಕು ನಕಾಶೆ ಇಳಿಸಿದರು.

ಶಾಲೆಯ ಹಿತ್ತಲಲ್ಲಿ ಮೊಣಕಾಲೆತ್ತರದ ಕಟ್ಟೆ ಹಾಕಿದೆ, ಸುತ್ತಲೂ ಶಾಂತವ್ವ ನಡೆದಾಡಲು ಜಾಗ ಬಿಟ್ಟು. ನಕಾಶೆಯಲ್ಲಿ ಗೋಡೆ ಹೇಗೆ ಸೊಟ್ಟಪಟ್ಟ ಹೋಗಿದೆಯೋ ಹಾಗೆ ಗೇಣೆತ್ತರದ ಗೋಡೆ ಎಬ್ಬಿಸಿದೆ. ಮೂಲೆಮೂಲೆಗೆ ಬುರುಜು, ಒಳಗೆ ಓಣಿ, ನಡುವೆ ದೇವಸ್ಥಾನ. ನೋಡಿದವರೆಲ್ಲ ಭೇಷ್ ಎಂದರು. ನಾನು ಮೀಸೆ ತಿರುವಿ ಶಾಂತವ್ವನನ್ನು ಕರೆತಂದೆ. ಆಕೆ ಒಂದು ಸುತ್ತು ಕೈಯಾಡಿಸಿ ಕೋಲಿಗೆ ಒರಗಿ ನಿಂತಳು.

“ಚೊಲೋ ಐತಿ ಬಸಣ್ಣ. ಆದ್ರ ಇದು ಗದಗಿನ ಪ್ಯಾಟಿ ಆತು.”

“ಯಾಕ್ರಿ ಆಯೀ?”

“ಏರ ಎಲ್ಲೈತಿ? ಇಳುಕಲ ಎಲ್ಲೈತಿ? ಆ ಊರಿಗೆ ಹೊಂಟವರೆಲ್ಲಾ ಹತ್ತಿ ಹೋದ್ರು ಅಂತಾನ ಶಾಸ್ತ್ರದಾಗ ಇರೂದು. ಇಲ್ಲಿ ನನ್ನ ಕೈ ಹತ್ತಲೇ ಇಲ್ಲ.”

ಮಾಸ್ತರರು ಹಣೆ ಬಡಿದುಕೊಂಡರು. ನಕಾಶೆ ಚಪ್ಪಟೆ ಕಾಗದ. ನಾನು ಕಾಗದವನ್ನೇ ಕಟ್ಟಿದ್ದೆ. ಎಲ್ಲವನ್ನೂ ಕೆಡವಿದೆ. ಕೆಡವುವಾಗ ಮಲ್ಲವ್ವ, “ಇಷ್ಟ ಜಲ್ದಿ ಬಿದ್ದ ಊರ ಮತ್ತೊಂದಿಲ್ಲ ನೋಡ್ರಿ” ಎಂದು ಮಾಸ್ತರರ ಎದುರಿಗೇ ಅಂದಳು. ನನ್ನ ಮೀಸೆ ಇಳಿಯಿತು.

ಎರಡನೆಯ ಸಲ ಮಣ್ಣಿನಿಂದಲೇ ಶುರು ಮಾಡಿದೆ. ನಮ್ಮ ಕೆಲಸದಲ್ಲಿ ಅರ್ಧ ಪುಣ್ಯ ಮಣ್ಣಿನದು. ಬರೀ ಎರೆಮಣ್ಣಿನಲ್ಲಿ ಕಟ್ಟಿದರೆ ಒಣಗಿದ ಮೇಲೆ ಬಿರಿಯುತ್ತದೆ. ಬರೀ ಕೆಮ್ಮಣ್ಣು ಮಳೆಗೆ ಕರಗುತ್ತದೆ. ಮುಂಡರಗಿ ಕಡೆಯ ಎರೆ, ಶಿರಹಟ್ಟಿ ಕಡೆಯ ಕೆಮ್ಮಣ್ಣು, ಕೊರ್ಲಹಳ್ಳಿಯ ಹೊಳೆಯ ಮೆಕ್ಕಲು, ಬಳಿಯಲಿಕ್ಕೆ ಲಕ್ಷ್ಮೇಶ್ವರದ ಸುಣ್ಣ, ಇಷ್ಟನ್ನೂ ಹೋಗಿ ಬರುವ ಚಕ್ಕಡಿಯವರ ಕೈಯಲ್ಲಿ ಹೇಳಿ ತರಿಸಿದೆ. ಹೊಟ್ಟು ಬೆರೆಸಿ, ನೀರು ಕುಡಿಸಿ, ಕೊಳೆಯಲು ಬಿಟ್ಟು, ದಿನವೂ ನಾನೂ ಮಲ್ಲವ್ವನೂ ತುಳಿದೆವು. ಕೊಳೆತ ಮಣ್ಣಿನ ನಾತಕ್ಕೆ ಮಾಸ್ತರರು ಮೂಗು ಮುಚ್ಚಿ ದೂರ ನಿಂತು ನೋಡುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೂಗಿದರು: “ಬಸಪ್ಪಾ, ಮುಂಬಯಿ, ಸಾಂಗಲಿ, ಮಿರಜ, ಎಲ್ಲಾ ಒಂದ ಕುಣ್ಯಾಗ ಹಾಕಿ ತುಳಿಯಾಕತ್ತೀ! ನಾವ ಇಷ್ಟ ವರ್ಷ ಸಭಾ ಮಾಡಿ ಮಾಡಿ ಆಗಲಿಲ್ಲ!”

“ಸಭಾದಾಗ ಯಾರೂ ಕಾಲಿಗೆ ಮಣ್ಣ ಹಚ್ಚಿಕೊಳ್ಳಂಗಿಲ್ಲಲ್ರಿ ಮಾಸ್ತರ” ಎಂದಳು ಮಲ್ಲವ್ವ. ಮಾಸ್ತರರು ಮೂಗು ಬಿಟ್ಟು ನಕ್ಕರು.

ಕಟ್ಟುವಾಗ ಶಾಂತವ್ವ ಪಕ್ಕದಲ್ಲಿ ಕೂತು ತನಗೆ ನೆನಪಿದ್ದಷ್ಟು ಹೇಳುವಳು, ಮಾಸ್ತರರು ಪುಸ್ತಕ ನೋಡಿ ಉಳಿದದ್ದನ್ನು ತುಂಬುವರು. ಮೂಡಲಿಗೆ ಕಿದ್ರೋನ್ ಎಂಬ ಆಳವಾದ ಹಳ್ಳ. ಅದರಾಚೆ ಎಣ್ಣೆಮರಗಳ ಗುಡ್ಡ, ಊರಿಗಿಂತ ಎತ್ತರ. ಪಡುವಲಿಂದ ತೆಂಕಲಿಗೆ ಸುತ್ತಿಕೊಂಡು ಬರುವ ಇನ್ನೊಂದು ಕಣಿವೆ. ಊರ ನಡುವೆಯೇ ಒಂದು ಇಳುಕಲು. ಅದರ ಹೆಸರು ಗಿಣ್ಣ ಮಾಡುವವರ ಕಣಿವೆಯಂತೆ! ಕೇಳುತ್ತ ಕೇಳುತ್ತ ನನ್ನ ಕೈ ನಿಧಾನವಾಗುತ್ತಿತ್ತು. ನಾನು ಒಂದು ಕೋಟೆ ಎಂದು ತಿಳಿದಿದ್ದೆ, ಅದು ಹಳ್ಳಗಳ ನಡುವೆ ಎದ್ದು ನಿಂತ ಊರು. ಮೂರು ಕಡೆ ಕಣಿವೆಯೇ ಕಂದಕ. ನಾಲ್ಕನೆಯ ಕಡೆ ಮಾತ್ರ ಬಯಲು, ಶತ್ರು ಬಂದರೆ ಅಲ್ಲಿಂದಲೇ ಬರಬೇಕು. ಯಾವ ಗೌಂಡಿಯೂ ಕಟ್ಟದ ಗೋಡೆ ಅದು, ನೆಲ ತಾನೇ ಕಟ್ಟಿಕೊಂಡದ್ದು.

ಬಾಗಿಲುಗಳ ಹೆಸರಂತೂ ನಮ್ಮ ಕಡೆಯವರೇ ಇಟ್ಟ ಹಾಗಿದ್ದವು. ಕುರಿಬಾಗಿಲು, ಮೀನುಬಾಗಿಲು, ಕುದುರೆಬಾಗಿಲು, ನೀರುಬಾಗಿಲು. ಎಲ್ಲಕ್ಕೂ ಕೆಳಗೆ ತೆಂಕಣ ತುದಿಯಲ್ಲಿ ತಿಪ್ಪೆಬಾಗಿಲು. “ಅಂಥಾ ದೇವರೂರಾಗೂ ತಿಪ್ಪಿ ಇತ್ತೇನ್ರಿ?” ಎಂದು ಮಲ್ಲವ್ವ ಕೇಳಿದಳು. “ಮಂದಿ ಇದ್ದಲ್ಲೆ ತಿಪ್ಪಿ ಇರಬೇಕಲ್ಲವಾ” ಎಂದಳು ಶಾಂತವ್ವ. ಮನೆಗಳಿಗೂ ನಮ್ಮ ಹಾಗೆಯೇ ಮಣ್ಣಿನ ಮಾಳಿಗೆ. ಅಲ್ಲಿಯವರೂ ಕಾಳು ಒಣಗಿಸುತ್ತಿದ್ದದ್ದು ಅದರ ಮೇಲೆ, ಬೇಸಿಗೆಗೆ ಮಲಗುತ್ತಿದ್ದದ್ದು ಅದರ ಮೇಲೆ. ಒಮ್ಮೆ ಗೋಡೆಯೆಲ್ಲ ಬಿದ್ದು ಹೋದಾಗ ಊರವರು ತಂತಮ್ಮ ಮನೆಯ ಮುಂದಿನ ಭಾಗವನ್ನು ತಾವೇ ಕಟ್ಟಿಕೊಂಡರಂತೆ. ಅಕ್ಕಸಾಲಿಗರೂ ಕಟ್ಟಿದರು, ಅತ್ತರು ಮಾರುವವರೂ ಕಟ್ಟಿದರು ಎಂದು ಮಾಸ್ತರರು ಓದಿದಾಗ ನನಗೆ ತಡೆಯಲಾಗಲಿಲ್ಲ. “ಅಕ್ಕಸಾಲ್ಯಾರ ಕಟ್ಟಿದ ಗ್ವಾಡಿ ಹೆಂಗ ನಿಂತೀತ್ರಿ? ಗುಂಜಿ ತೂಗೋ ಕೈ!” ಮಾಸ್ತರರು ಪುಸ್ತಕದಿಂದ ತಲೆ ಎತ್ತದೆ, “ನಿಂತಿತ್ತು” ಎಂದರು. ಆಮೇಲೆ ನಾನು ಆ ಭಾಗವನ್ನು ಕಟ್ಟುವಾಗ ಬಹಳ ಹೊತ್ತು ಹಿಡಿಯಿತು. ಯಾರೋ ಒಬ್ಬ ಅಕ್ಕಸಾಲಿಗ, ಕೈಯೆಲ್ಲ ಬೊಬ್ಬೆ, ತನ್ನ ಅಂಗಡಿಯ ಮುಂದೆ ಬಿಸಿಲಲ್ಲಿ ಕಲ್ಲು ಎತ್ತಿಡುತ್ತಿರುವುದು ಕಣ್ಣ ಮುಂದೆ ಬಂದು ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಜಾಣತನ ಮಾಡಿ, ತಪ್ಪು ಮಾಡಿದ್ದು ಮಾತ್ರ ನಮ್ಮೂರ ಗೌಂಡಿಯೇ ಮಾಡಬಹುದಾದದ್ದನ್ನು. ನಮ್ಮ ಕಡೆ ಅಗಸಿ ಕಟ್ಟಿದರೆ ಪಕ್ಕದಲ್ಲಿ ಹನಮಪ್ಪನಿಗೆ ಒಂದು ಗೂಡು ಬಿಡಲೇಬೇಕು. ಊರ ಬಾಗಿಲಲ್ಲಿ ಅವನಿಲ್ಲದೆ ಊರಿಲ್ಲ. ಅಪ್ಪ ಕಲಿಸಿದ ಪದ್ಧತಿ, ಕೈ ತಾನಾಗಿ ಮಾಡುತ್ತದೆ. ಮಾಸ್ತರರು ಒಂದು ಬೆಳಿಗ್ಗೆ ಬಂದು ನೋಡಿದರೆ ಯೆರೂಸಲೇಮಿನ ಒಂದೊಂದು ಬಾಗಿಲ ಬಲಕ್ಕೂ ಒಂದೊಂದು ಗೂಡು. ಕುರಿಬಾಗಿಲ ಗೂಡಿನಲ್ಲಿ ಓಣಿಯ ಯಾರೋ ಹೆಣ್ಣುಮಗಳು ಆಗಲೇ ಕುಂಕುಮ ಹಚ್ಚಿ ಹೂ ಇಟ್ಟು ಹೋಗಿದ್ದಳು.

“ಲೇ ಬಸಪ್ಪಾ! ಇದೇನೋ?”

“ಹನಮಪ್ಪಗ್ರಿ.”

“ಯೆರೂಸಲೇಮಿಗೆ ಹನಮಪ್ಪ ಎಲ್ಲಿಂದ ಬಂದನೋ!”

“ಅಗಸಿ ಕಾಯಾಂವ ಒಬ್ಬ ಬ್ಯಾಡೇನ್ರಿ? ಗೂಡಿಲ್ಲದ ಅಗಸಿ ಕಟ್ಟಿದ್ರ ನಮ್ಮಪ್ಪ ಸ್ವರ್ಗದಾಗಿಂದ ಬಯ್ಯತಾನ.”

“ನಮ್ಮ ಮಿಶನ್ನಿನ ಹಿರೇರ ಇಲ್ಲೇ ನಿಂತು ಬಯ್ಯತಾರಲ್ಲೋ ನನ್ನ!”

ಗದ್ದಲಕ್ಕೆ ಶಾಂತವ್ವ ಬಂದಳು. ಏನಾಯಿತೆಂದು ಕೇಳಿದಳು. ಬೆರಳು ಗೂಡಿನೊಳಗೆ ಹಾಕಿ ಸುತ್ತಿಸಿದಳು, ಹೂ ಸಿಕ್ಕಿತು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನ್ನ ಪರ ವಹಿಸುತ್ತಾಳೆಂದುಕೊಂಡೆ. ಇಲ್ಲ.

“ತಗೀ ತಮ್ಮಾ” ಎಂದಳು. “ನಿನ್ನ ದೇವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಅಲ್ಲಿ ಇಲ್ಲದ್ದು ಇಲ್ಲಿ ಇದ್ರ ನನ್ನ ಬೆರಳಿಗೆ ದಾರಿ ತಪ್ಪತೈತಿ. ನನಗ ಈಗ ಕಣ್ಣ ಅಂದ್ರ ಅದ ಒಂದ.”

ನನ್ನ ಮುಖ ಸಪ್ಪಗಾದದ್ದು ಆಕೆಗೆ ಹೇಗೆ ಗೊತ್ತಾಯಿತೋ. ಬೆರಳನ್ನು ಬಾಗಿಲ ಒಳಮಗ್ಗುಲಿಗೆ ಸರಿಸಿ, “ಅಗಸಿ ಕಾಯೋ ಮಂದಿ ಅಲ್ಲೂ ಇದ್ರು. ಊರ ಹಿರೇರು ಅಗಸಿಯೊಳಗ ಕುಂತ ನ್ಯಾಯಾ ಮಾಡತಿದ್ರಂತ. ಅವರಿಗೆ ಕೂಡಾಕ ಕಟ್ಟಿ ಬೇಕಲ್ಲ?” ಎಂದಳು. ಮಾಸ್ತರರು ಪುಸ್ತಕ ತಿರುವಿ ಹೌದೆಂದರು. ಅಂದೇ ಗೂಡುಗಳನ್ನು ತುಂಬಿ ಒಳಗಡೆ ಕಟ್ಟೆ ಎಳೆದೆ. ಹೂವನ್ನು ಮಲ್ಲವ್ವ ತೆಗೆದು ತಲೆಗೆ ಮುಡಿದುಕೊಂಡಳು. ನಮ್ಮ ಅಗಸಿಯಲ್ಲೂ ಕಟ್ಟೆ, ಅವರ ಅಗಸಿಯಲ್ಲೂ ಕಟ್ಟೆ. ಅಲ್ಲಿಯೂ ಒಬ್ಬ ಮುದುಕ ದಿನವೆಲ್ಲ ಕೂತು ಹೋಗಿ ಬರುವವರಿಗೆ “ಎಲ್ಲಿಗೆ ಹೊಂಟೀ?” ಎಂದು ಕೇಳುತ್ತಿದ್ದಿರಬೇಕು.

ಉಳಿದದ್ದು ನೀರು. ಊರಿನ ಬುಗ್ಗೆ ಇದ್ದದ್ದು ಗೋಡೆಯ ಹೊರಗೆ, ಮೂಡಲ ಹಳ್ಳದ ಮಗ್ಗುಲಲ್ಲಿ. ಶತ್ರು ಮುತ್ತಿಗೆ ಹಾಕಿದರೆ ನೀರು ಅವನ ಪಾಲು. ಅದಕ್ಕೆ ಹಿಂದೊಬ್ಬ ಅರಸ ಬುಗ್ಗೆಯನ್ನು ಮುಚ್ಚಿಸಿ, ಗುಡ್ಡದ ಹೊಟ್ಟೆಯೊಳಗೆ ಸುರಂಗ ಹೊಡೆಸಿ ನೀರನ್ನು ಗೋಡೆಯೊಳಗಿನ ಸಿಲೋವದ ಹೊಂಡಕ್ಕೆ ತಂದನಂತೆ. ಮಾಸ್ತರರು ಮುಂದಿನದನ್ನು ಹೇಳಿದಾಗ ನಾನು ಕೈಯಲ್ಲಿದ್ದ ಕರಣೆಯನ್ನು ಇಡುವುದನ್ನೂ ಮರೆತೆ. ಬರೀ ಬಂಡೆ. ಒಂದು ಗುಂಪು ಬುಗ್ಗೆಯ ಕಡೆಯಿಂದ, ಇನ್ನೊಂದು ಗುಂಪು ಹೊಂಡದ ಕಡೆಯಿಂದ ಕಡಿಯುತ್ತ ಬಂದರು. ಒಬ್ಬರಿಗೊಬ್ಬರು ಕಾಣರು. ಕಡೆಗೆ ನಡುವೆ ಕಲ್ಲು ತೆಳುವಾದಾಗ ಆ ಕಡೆಯವರ ಕೂಗು ಈ ಕಡೆಯವರಿಗೆ ಕೇಳಿತಂತೆ. ಗುದ್ದಲಿಗೆ ಗುದ್ದಲಿ ಬಂದು ತಾಗಿತಂತೆ.

“ಓಳಂಬ ಇಲ್ಲ, ದಾರ ಇಲ್ಲ, ಬೆಳಕಿಲ್ಲ. ಅವರು ಹೆಂಗ ಕೂಡಿದ್ರು?” ಎಂದು ಕೇಳಿದೆ.

“ಅದು ಇನ್ನೂ ಯಾರಿಗೂ ಪೂರಾ ತಿಳದಿಲ್ಲೋ” ಎಂದರು ಮಾಸ್ತರರು.

ಅಂದು ನನಗೆ ಊಟ ಸೇರಲಿಲ್ಲ. ನನ್ನ ಕಸುಬಿನವರು. ಹೆಸರೂ ಗೊತ್ತಿಲ್ಲದ ನನ್ನ ಕಸುಬಿನವರು, ಕತ್ತಲಲ್ಲಿ, ಬಂಡೆಯೊಳಗೆ. ನಾನು ಒಂದು ಗಳ ಹೂತು, ಮಣ್ಣು ಅರೆ ಒಣಗಿದ ಮೇಲೆ ಎಳೆದು ಸುರಂಗ ಮಾಡಬಹುದಿತ್ತು. ಅದು ಸುಲಭ. ಆದರೆ ಅವರು ಹಾಗೆ ಮಾಡಿರಲಿಲ್ಲ. ಬಿದಿರಿನ ಎರಡು ಕಡ್ಡಿ ಚೂಪು ಮಾಡಿ ಒಂದನ್ನು ಮಲ್ಲವ್ವನ ಕೈಗೆ ಕೊಟ್ಟು ಬುಗ್ಗೆಯ ಕಡೆ ಕೂರಿಸಿದೆ. ನಾನು ಹೊಂಡದ ಕಡೆ ಮಲಗಿದೆ. ಶಾಂತವ್ವ ನಡುವೆ ಕೂತು ಗುಡ್ಡದ ನೆತ್ತಿಯ ಮೇಲೆ ಎರಡೂ ಅಂಗೈ ಇಟ್ಟಳು. ಕಡ್ಡಿಗಳ ಅದುರು ಆಕೆಗೆ ತಿಳಿಯುತ್ತಿತ್ತು.

“ಬಸಣ್ಣ, ನೀ ಕೆಳಗ ಹೊಂಟಿ. ಮಲ್ಲವ್ವ, ನೀ ಎಡಕ.”

“ನಾ ಸರಿ ಅದೇನಿ, ಅವರ್ನ ಬಲಕ ಬರಾಕ ಹೇಳ್ರಿ” ಎಂದು ಮಲ್ಲವ್ವ ಆ ಕಡೆಯಿಂದ.

“ನಾ ಯಾಕ ಬರಲಿ? ಗೌಂಡಿ ಯಾರು, ನೀನೋ ನಾನೋ?”

“ಗೌಂಡಿ ನೀವ. ಆದ್ರ ಇಲ್ಲಿ ಬಗ್ಗಬೇಕಾದಾಂವ ನೀವ!”

ಹಿತ್ತಲಲ್ಲಿ ನೆರೆದವರೆಲ್ಲ ನಕ್ಕರು. ಕಡೆಗೆ ಯಾರು ಬಗ್ಗಿದರೆಂದು ನಾನು ಇಲ್ಲಿ ಬರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಡ್ಡಿಯ ತುದಿಗೆ ಏನೋ ತಟ್ಟಿತು. ಕಲ್ಲಲ್ಲ. ಮತ್ತೆ ತಟ್ಟಿತು. ಆ ಕಡೆಯಿಂದ ನನ್ನ ಹೆಂಡತಿ ಬಾಗಿಲು ಬಡಿದ ಹಾಗಿತ್ತು. ಮದುವೆಯಲ್ಲಿ ಕೈ ಕೂಡಿಸಿದಾಗಲೂ ನನಗೆ ಹಾಗೆ ಮೈ ಜುಮ್ಮೆಂದಿರಲಿಲ್ಲ.

“ಕೂಡಿದ್ರು” ಎಂದಳು ಶಾಂತವ್ವ, ಅಂಗೈ ತೆಗೆಯದೆ.

ಒಳಗೆ ಕಡ್ಡಿಯಾಡಿಸಿ ದಾರಿ ಬಿಡಿಸಿ, ಒಣಗಲು ಬಿಟ್ಟು, ಆಮೇಲೊಂದು ದಿನ ನೀರು ಬಿಡುವುದೆಂದಾಯಿತು. ಓಣಿ ಓಣಿಯಿಂದ ನೇಕಾರರು ಮಗ್ಗ ನಿಲ್ಲಿಸಿ ಬಂದಿದ್ದರು. ಶಾಂತವ್ವ ಸಿಲೋವದ ಹೊಂಡದಲ್ಲಿ ಬೆರಳಿಟ್ಟು ಕೂತಳು. ಮಲ್ಲವ್ವ ಬುಗ್ಗೆಯ ಬಾಯಿಗೆ ತಂಬಿಗೆಯಿಂದ ನೀರು ಹೊಯ್ದಳು. ಬರಲಿಲ್ಲ. ಇನ್ನೊಂದು ತಂಬಿಗೆ. ಒಣಮಣ್ಣು ಕುಡಿಯುತ್ತಿತ್ತು. ಗೋಡೆ ಕೆಡವಿ ಕಟ್ಟಬಹುದು, ಆಕೆಯ ಮುಖವನ್ನು ಎರಡನೆಯ ಸಲ ಕಟ್ಟಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಶಾಂತವ್ವನ ಬೆರಳು ಅಲುಗಿತು. “ಬಂತು” ಎಂದಳು. ಬಹಳ ಮೆಲ್ಲಗೆ.

ಮಲ್ಲವ್ವ ಓಡಿಬಂದಳು. ಆ ಹೊಂಡದ ಕಥೆ ಅವಳಿಗೆ ಗೊತ್ತಿತ್ತು. ಹುಟ್ಟುಕುರುಡನೊಬ್ಬನ ಕಣ್ಣಿಗೆ ಅವರ ಸ್ವಾಮಿ ಕೆಸರು ಹಚ್ಚಿ, ಸಿಲೋವಕ್ಕೆ ಹೋಗಿ ತೊಳೆದುಕೋ ಎಂದದ್ದು, ಅವನು ತೊಳೆದುಕೊಂಡು ಕಣ್ಣು ಪಡೆದು ಬಂದದ್ದು. “ಆಯೀ, ಆ ನೀರ ಕಣ್ಣಿಗೆ ಹಚ್ಚಿಕೋರಿ, ಹಚ್ಚಿಕೋರಿ!” ಎಂದಳು.

“ಹುಚ್ಚವ್ವಾ, ಇದು ನಿನ್ನ ಗಂಡ ಕಟ್ಟಿದ ಹೊಂಡ, ನಿಮ್ಮ ಓಣಿ ಬಾವಿ ನೀರ” ಎಂದು ಶಾಂತವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಆ ಬೆರಳನ್ನು ಎತ್ತಿ ಮೇಲೆ, ದೇವಸ್ಥಾನದ ಬಾಗಿಲಲ್ಲಿಟ್ಟಳು. “ಆ ಕುರುಡ ಇಲ್ಲೇ ಎಲ್ಲೋ ಕುಂತಿದ್ದ” ಎಂದು ಅಲ್ಲಿಂದ ಇಳಿಯತೊಡಗಿದಳು. ಬೆರಳು ಓಣಿ ದಾಟಿತು, ಗಿಣ್ಣ ಮಾಡುವವರ ಕಣಿವೆಗೆ ಬಿತ್ತು, ಇಳಿಯಿತು, ಇಳಿಯುತ್ತಲೇ ಹೋಯಿತು. ನಡುದಾರಿಯಲ್ಲಿ ನಿಂತಿತು.

“ಇಷ್ಟ ಇಳುಕಲಾ!” ಎಂದಳು. “ಇಷ್ಟ ವರ್ಷ ಹೋಗಿ ತೊಳಕೊಂಡ ಬಂದ, ಹೋಗಿ ತೊಳಕೊಂಡ ಬಂದ ಅಂತ ಹೇಳಿದೆ. ಹೆಂಗ ಹೋದ ಅಂತ ಒಮ್ಮಿನೂ ಕೇಳಲಿಲ್ಲ. ಕಾಣದಾಂವ. ಮ್ಯಾಲ ಕಣ್ಣ ತುಂಬ ಕೆಸರ. ಇಂಥಾ ಇಳಿಜಾರ. ಗ್ವಾಡಿ ಗ್ವಾಡಿ ಮುಟಗೊಂತ ಹೋಗಿರಬೇಕು. ಕಣ್ಣ ಬಂದದ್ದ ಆಮ್ಯಾಲ. ಮೊದಲ ಇಷ್ಟ ದೂರ ಇಳದಾನ.”

ಮಾಸ್ತರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

ಆ ಊರು ನಿಂತದ್ದು ಒಂದು ಬೇಸಿಗೆ. ಹಿತ್ತಲಿಗೆ ಮಾಡು ಹಾಕುವ ಮೊದಲೇ ಮಳೆ ಬಂದು, ಕಣಿವೆಗಳೆಲ್ಲ ತುಂಬಿ, ಕುರಿಬಾಗಿಲು ಮೀನುಬಾಗಿಲು ಎಲ್ಲ ಒಂದಾಗಿ ಹರಿದು ಹೋದವು. ನಾನು ಗೋಣಿತಟ್ಟು ಹೊದಿಸಲು ಓಡಾಡುತ್ತಿದ್ದರೆ ಶಾಂತವ್ವ ವರಾಂಡದಲ್ಲಿ ಕೂತು, “ಬಿಡ ತಮ್ಮಾ, ತೊಯ್ಸಿಕೊಂಡು ಜ್ವರಾ ಬಂದೀತು” ಎಂದಳು. ಆ ಊರು ಬೆರಳಿಗೆ ಬಾಯಿಪಾಠವಾಗಿತ್ತು, ಆಕೆ ಆಗಲೇ ಮತ್ತೆ ಕಥೆ ಹೇಳಲು ಹೊರಡುವ ತಯಾರಿಯಲ್ಲಿದ್ದಳು.

ನಾಡು ಒಂದಾದ ವರ್ಷದ ಸುಗ್ಗಿಗೆ ಮಲ್ಲವ್ವ ತವರುಮನೆ ಕೊರ್ಲಹಳ್ಳಿಗೆ ಹೊರಟಾಗ ಶಾಂತವ್ವನೂ ನಮ್ಮ ಜೊತೆ ಬಸ್ಸು ಹತ್ತಿದಳು. ಮುಂಡರಗಿಯಲ್ಲಿ ಇಳಿದು ಚಕ್ಕಡಿ ಹಿಡಿದೆವು. ದಾರಿಯುದ್ದಕ್ಕೂ ಆಕೆಯ ಬೆರಳುಗಳು ಮಡಿಲಲ್ಲಿ ಏನನ್ನೋ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಸಂಜೆ ಅಗಸಿಯ ಕಟ್ಟೆಯ ಮೇಲೆ ಕೂತಳು. ಹೊಳೆಯಿಂದ ನೀರು ತರುವ ಹೆಂಗಸರು ಗುರುತು ಹಿಡಿದು, “ಅಯ್ಯ, ಕತಿ ಆಯಿ ಬಂದಾಳ!” ಎಂದು ಕೊಡ ಇಳಿಸಿದರು. ನಾನು ಚಕ್ಕಡಿಯ ಹತ್ತಿರ ನಿಂತಿದ್ದೆ. ನನಗೆ ಒಂದೇ ಅಂಜಿಕೆ. ಎಲ್ಲಿ ನಡುವೆ ನಿಂತುಬಿಡುತ್ತಾಳೋ ಎಂದು.

ಆಕೆ ಕಥೆಯಿಂದ ಶುರು ಮಾಡಲಿಲ್ಲ, ದಾರಿಯಿಂದ ಶುರು ಮಾಡಿದಳು, ನಾವು ಪರವೂರಿನವರಿಗೆ ದಾರಿ ಹೇಳುವ ಹಾಗೆ. “ಮೊದಲ ಎಣ್ಣಿಗಿಡದ ಗುಡ್ಡಾ ಹತ್ತಬೇಕು. ನೆತ್ತಿಗೆ ಬಂದ್ರ ಊರ ಎದುರಿಗೇ ಕಾಣತೈತಿ, ಆದ್ರ ಮುಟ್ಟಿದ್ವಿ ಅನ್ನಬ್ಯಾಡ್ರಿ. ನಡುವ ಹಳ್ಳ ಐತಿ. ಇಳೀರಿ. ಕಾಲ ಜಾರತೈತಿ, ಮಕ್ಕಳ ಕೈ ಹಿಡೀರಿ. ಈಗ ಏರ. ಬಲಕ್ಕ ಕುರಿಬಾಗಲಾ, ಅಲ್ಲಿ ಧೂಳ ಬಾಳ. ಗ್ವಾಡಿ ಮಗ್ಗಲ ಹಿಡಿದು ಎಡಕ ನಡೀರಿ…” ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಎಡವಲಿಲ್ಲ. ಹೆಂಗಸರ ಮುಖಗಳು ಒಮ್ಮೆ ಏರುತ್ತಿದ್ದವು, ಒಮ್ಮೆ ಇಳಿಯುತ್ತಿದ್ದವು. ಒಬ್ಬಳು ನಿಜವಾಗಿಯೂ ಪಕ್ಕದಲ್ಲಿದ್ದ ಮಗುವಿನ ಕೈ ಹಿಡಿದಳು.

ಹೊತ್ತು ಮುಳುಗಲು ಬಂದಿತ್ತು. ಕೆಲವೇ ವರ್ಷಗಳ ಹಿಂದೆ, ನಿಜಾಮನ ಸೀಮೆಯಿಂದ ದಾಳಿಕೋರರು ಬರುತ್ತಿದ್ದ ಗಲಾಟೆಯ ಕಾಲದಲ್ಲಿ, ಇದೇ ಹೊತ್ತಿಗೆ ಈ ಕಡೆಯ ಹಳ್ಳಿಗಳಲ್ಲಿ ಅಗಸಿ ಹಾಕಿಬಿಡುತ್ತಿದ್ದರು. ಹೊಲದಿಂದ ತಡವಾಗಿ ಬಂದವರು ಹೊರಗೇ ಉಳಿಯಬೇಕಾಗುತ್ತಿತ್ತು. ಅದನ್ನು ಕಂಡುಂಡ ಒಬ್ಬ ಮುದುಕಿ, ಎಲ್ಲರಿಗಿಂತ ಹಿಂದೆ ಕೂತವಳು, ಆಕಾಶದ ಕಡೆ ನೋಡಿ ಗಾಬರಿಯಿಂದ ಕೇಳಿದಳು:

“ಯವ್ವಾ, ಬಾಗಲಾ ಹಾಕೂದ್ರೊಳಗ ಮುಟ್ಟತೇವಿಲ್ಲೋ?”

ಶಾಂತವ್ವ ಆ ದನಿಯ ಕಡೆಗೆ ತಿರುಗಿದಳು.

“ಮುಟ್ಟತೇವಿ” ಎಂದಳು. “ಏಳ್ರಿ, ಬರ್ರಿ ನನ್ನ ಹಿಂದ.”